ಖಾಲಾ ಬರ್ತಾರೆ ಅಂದಾಗ ನಾನು ಹಾಕುವ ಪ್ಲಾನ್

ಹಲಾಲ್ ಪ್ರವಾಸ, ಅಂದರೆ ನಮ್ಮ ಧರ್ಮಕ್ಕೆ ಒಪ್ಪುವ ಊಟ, ನಮಾಜಿಗೆ ಅನುಕೂಲ ಇರುವ ಪ್ರವಾಸ, ಅಂದ ಕೂಡಲೇ ಜನ ಮೊದಲು ಕೇಳುವುದು ಒಳ್ಳೆಯ ಬಿರಿಯಾನಿ ಎಲ್ಲಿ ಸಿಗುತ್ತೆ ಅಂತ. ಶಿವಮೊಗ್ಗದ ಮಟ್ಟಿಗೆ ಅದಕ್ಕೆ ಉತ್ತರ ಹುಡುಕುವುದೇ ಬೇಡ. ಗಾಂಧಿ ಬಜಾರಿನ ಜಾಮಿಯಾ ಮಸೀದಿ ಸುತ್ತಮುತ್ತ ಯಾರನ್ನು ಕೇಳಿದರೂ ನಾಲ್ಕು ಹೋಟೆಲಿನ ಹೆಸರು ಹೇಳುತ್ತಾರೆ. ಕಷ್ಟದ ಪ್ರಶ್ನೆಗಳು ಆಮೇಲೆ ಬರುತ್ತವೆ. ಮಂಡಿನೋವಿನ ಖಾಲಾಗೆ, ಅಂದರೆ ಅಮ್ಮಿಯ ಸಹೋದರಿಗೆ, ಮಧ್ಯಾಹ್ನ ಒಂದು ಗಂಟೆಗೆ ವಜೂ ಮಾಡಲು, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯಲು, ನೀರು ಎಲ್ಲಿ? ಅವರ ಸೊಸೆ ಕೂಸಿಗೆ ಹಾಲು ಕುಡಿಸಲು ಎಲ್ಲಿ ಕೂರಬೇಕು? ಕೋಟೆ ನೋಡುತ್ತಾ ನೋಡುತ್ತಾ ಇಳಿಹೊತ್ತಿನ ಅಸರ್ ನಮಾಜಿನ ಹೊತ್ತು ಮೀರಿದರೆ? ದಾರಿಯಲ್ಲಿ ಸಿಕ್ಕ ಒಂದೇ ಒಂದು ಹೋಟೆಲಿನ ಬೋರ್ಡಿನಲ್ಲಿ ‘ಬಾರ್ ಅಂಡ್ ರೆಸ್ಟೋರೆಂಟ್’ ಅಂತ ಬರೆದಿದ್ದರೆ?

ಬೆಂಗಳೂರಿನಿಂದ ನಮ್ಮ ಕಡೆಯವರು ಯಾರೇ ಬಂದರೂ ಪ್ಲಾನ್ ಹಾಕುವ ಕೆಲಸ ನನ್ನ ಪಾಲಿಗೆ ಬರುತ್ತದೆ. ನನಗೆ ಅದು ಇಷ್ಟದ ಕೆಲಸವೂ ಹೌದು. ಈ ಡಿಸೆಂಬರ್ ರಜೆಗೆ ಬರುತ್ತಿರುವುದು ಖಾಲಾ, ಅವರ ಗಂಡ ಖಾಲು, ಅವರ ಮಗ (ನಾನು ಅಣ್ಣ ಅನ್ನುವುದು ಇವನನ್ನೇ), ಸೊಸೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಒಂದು ಕೈಗೂಸು. ಖಾಲು ನಿವೃತ್ತ ಮೇಷ್ಟ್ರು, ಇತಿಹಾಸ ಅಂದರೆ ಅವರಿಗೆ ಪ್ರಾಣ. ಮಕ್ಕಳಿಗೆ ಆನೆ ಬೇಕು, ಓಡಾಡಲು ಜಾಗ ಬೇಕು. ಖಾಲಾಗೆ ಏನು ಬೇಕು ಅಂತ ಫೋನಿನಲ್ಲಿ ಕೇಳಿದೆ. ‘ನಂಗೇನೂ ಬೇಡ ಬೇಟಾ, ನೀವೆಲ್ಲ ನೋಡ್ಕೊಂಡು ಬನ್ನಿ, ನಾನು ಕಾರಲ್ಲೇ ಕೂತಿರ್ತೀನಿ’ ಅಂದರು.

ನನ್ನ ಪ್ಲಾನ್ ಶುರುವಾಗುವುದು ಈ ಮಾತಿನಿಂದಲೇ. ನಮ್ಮ ಮನೆಗಳ ಹಿರಿಯ ಹೆಂಗಸರು ಎಲ್ಲ ಪ್ರವಾಸದಲ್ಲೂ ಹೀಗೇ ಹೇಳುತ್ತಾರೆ. ಶೌಚಾಲಯ ಹುಡುಕಬೇಕಾಗುತ್ತದೆ ಅಂತ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಮಾಂಸ ಯಾರು ಕೊಯ್ದಿದ್ದು ಅಂತ ಹೋಟೆಲಿನವರನ್ನು ಕೇಳಲು ಸಂಕೋಚ, ಅದಕ್ಕೆ ಬರೀ ಮೊಸರನ್ನ ಉಂಡು ಏಳುತ್ತಾರೆ. ನಮಾಜಿಗೆ ಜಾಗ ಸಿಗದಿದ್ದರೆ ರಾತ್ರಿ ಲಾಡ್ಜಿಗೆ ಬಂದ ಮೇಲೆ ಕಜಾ, ಅಂದರೆ ತಪ್ಪಿದ ನಮಾಜನ್ನು ತಡವಾಗಿ, ಮಾಡಿಕೊಳ್ಳುತ್ತಾರೆ, ಯಾರಿಗೂ ಹೇಳುವುದಿಲ್ಲ, ಆದರೆ ದಿನವಿಡೀ ಮನಸ್ಸು ಅಲ್ಲೇ ಇರುತ್ತದೆ. ಎದುರಿಗೆ ಶಿವಪ್ಪ ನಾಯಕನ ಅರಮನೆಯೇ ಇದ್ದರೂ ಕಣ್ಣಿಗೆ ಬೀಳುವುದು ಗಡಿಯಾರ ಮಾತ್ರ. ಬಾಯಿಬಿಟ್ಟು ಕೇಳದವರ ಪರವಾಗಿ ನಾವು ಮೊದಲೇ ಕೇಳಿ, ವ್ಯವಸ್ಥೆ ಮಾಡಿ ಇಡಬೇಕು. ಹಲಾಲ್ ಪ್ರವಾಸದ ತಯಾರಿ ಅಂದರೆ ನನಗೆ ಇದೇ. ಅದು ಆಗಿಬಿಟ್ಟರೆ ಖಾಲಾ ಕಾರಿನಿಂದ ಇಳಿಯುತ್ತಾರೆ.

ಮೊದಲು ಹೊತ್ತಿನ ಲೆಕ್ಕ. ಡಿಸೆಂಬರಿನಲ್ಲಿ ನಮ್ಮೂರಲ್ಲಿ ಮಧ್ಯಾಹ್ನದ ನಮಾಜಾದ ಜುಹರ್ ಹೊತ್ತು ಹನ್ನೆರಡೂವರೆ ಸುಮಾರಿಗೆ ಶುರು. ನಮ್ಮ ಹನಫಿ ಪಂಥದ ಲೆಕ್ಕದ ಅಸರ್ ನಾಲ್ಕೂವರೆ ಸುಮಾರಿಗೆ. ಆರು ದಾಟುತ್ತಿದ್ದ ಹಾಗೆ ಸೂರ್ಯ ಮುಳುಗಿ ಮಗ್ರಿಬ್. ಇದನ್ನು ಒಂದು ಚೀಟಿಯಲ್ಲಿ ಬರೆದುಕೊಂಡರೆ ದಿನ ತಾನಾಗಿಯೇ ಮೂರು ಭಾಗವಾಗುತ್ತದೆ. ಬೆಳಿಗ್ಗೆ ಬೇಗ ಹೊರಟರೆ ಮಧ್ಯಾಹ್ನದವರೆಗೆ ದೂರದ ಒಂದು ಜಾಗ. ಊಟ, ಜುಹರ್, ಖಾಲಾಗೆ ಒಂದಿಷ್ಟು ಮಲಗಲು ಹೊತ್ತು. ಸಂಜೆ ಅಸರ್ ಮುಗಿಸಿಕೊಂಡು ಪಾರ್ಕು ಅಥವಾ ಹೊಳೆ ದಂಡೆ, ಮಗ್ರಿಬ್‌ಗೆ ಮನೆಗೆ ವಾಪಸ್. ಒಂದು ದಿನಕ್ಕೆ ಐದು ಜಾಗ ತುರುಕುವವರನ್ನು ನೋಡಿದರೆ ನನಗೆ ಪಾಪ ಅನ್ನಿಸುತ್ತದೆ. ಎರಡು ಜಾಗ ಸಾಕು. ಮಲೆನಾಡಿನ ರಸ್ತೆಯ ತಿರುವುಗಳಲ್ಲಿ ಗೂಗಲ್ ಮ್ಯಾಪ್ ಹೇಳುವ ಸಮಯಕ್ಕೆ ಯಾರೂ ತಲುಪುವುದಿಲ್ಲ, ಕೂಸು ಒಮ್ಮೆಯಾದರೂ ವಾಂತಿ ಮಾಡಿಕೊಳ್ಳುತ್ತದೆ.

ಬೆಂಗಳೂರಿನಿಂದ ಬರುವವರಿಗೆ ಒಂದು ಅನುಕೂಲ ಇದೆ. ಇಲ್ಲಿಗೆ ರಸ್ತೆಯಲ್ಲಿ ಸುಮಾರು 300 ಕಿ.ಮೀ. ಹನಫಿ ಲೆಕ್ಕದಲ್ಲಿ ಸುಮಾರು 78 ಕಿ.ಮೀ. ಮೀರಿದ ಪ್ರಯಾಣ ಹೊರಟು, ಒಂದೇ ಊರಲ್ಲಿ 15 ದಿನಕ್ಕಿಂತ ಕಡಿಮೆ ಉಳಿಯುವ ಯೋಚನೆ ಇದ್ದರೆ ಅವರು ಮುಸಾಫಿರ್, ಅಂದರೆ ಪ್ರಯಾಣಿಕರು. ನಾಲ್ಕು ರಕಾತಿನ, ಅಂದರೆ ನಾಲ್ಕು ಸುತ್ತಿನ, ಫರ್ಜ್ (ಕಡ್ಡಾಯ ನಮಾಜ್) ಎರಡಾಗುತ್ತದೆ. ಜುಹರ್, ಅಸರ್, ರಾತ್ರಿಯ ಇಷಾ ಮೂರೂ ಹಗುರ. ಆದರೆ ಮಸೀದಿಯಲ್ಲಿ ಊರಿನ ಇಮಾಮರ ಹಿಂದೆ ನಿಂತರೆ ಪೂರ್ತಿ ನಾಲ್ಕೇ ಮಾಡಬೇಕು. ಮಂಗಳೂರು ಕಡೆಯ ಬ್ಯಾರಿಗಳು ಶಾಫಿ ಪಂಥದವರು, ಅವರು ಪ್ರಯಾಣದಲ್ಲಿ ಜುಹರ್ ಮತ್ತು ಅಸರ್ ಸೇರಿಸಿಯೂ ಮಾಡುತ್ತಾರೆ, ನಮ್ಮ ಕಡೆಯವರು ಸಾಮಾನ್ಯವಾಗಿ ಹಾಗೆ ಸೇರಿಸುವುದಿಲ್ಲ. ಅತಿಥಿಗಳು ಯಾವ ಪದ್ಧತಿಯವರು ಅಂತ ಮೊದಲೇ ಕೇಳಿಕೊಂಡರೆ ಅಸರ್ ಹೊತ್ತಿಗೆ ಕಾರು ಎಲ್ಲಿ ನಿಲ್ಲಬೇಕು ಅನ್ನುವುದು ತೀರ್ಮಾನವಾಗುತ್ತದೆ. ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ದಿಕ್ಕು, ಇಲ್ಲಿಂದ ಪಡುವಣಕ್ಕೆ, ಸ್ವಲ್ಪ ಬಡಗಣಕ್ಕೆ ವಾಲಿದ ಹಾಗೆ. ಕಾಡಿನ ನಡುವೆ ನೆಟ್‌ವರ್ಕ್ ಹೋದಾಗ ಮೊಬೈಲಿಗಿಂತ ಇಳಿಬಿಸಿಲು ಹೆಚ್ಚು ಸಹಾಯಕ್ಕೆ ಬರುತ್ತದೆ.

ಇದೆಲ್ಲ ಗಂಡಸರಿಗೆ ಸುಲಭ. ದಾರಿಯಲ್ಲಿ ಯಾವ ಊರು ಬಂದರೂ ಒಂದು ಮಸೀದಿ ಸಿಗುತ್ತದೆ. ತೀರ್ಥಹಳ್ಳಿಯಲ್ಲಿ ಇದೆ, ಸಾಗರದಲ್ಲಿ ಇದೆ, ಹೊಸನಗರದಲ್ಲೂ ಇದೆ. ಖಾಲು, ಅಣ್ಣ ಇಬ್ಬರೂ ಹೋಗಿ ಹತ್ತು ನಿಮಿಷದಲ್ಲಿ ಬರುತ್ತಾರೆ. ಹೆಂಗಸರು ಕಾರಿನಲ್ಲೇ ಇರುತ್ತಾರೆ. ನಮ್ಮ ಕಡೆಯ ಹೆಚ್ಚಿನ ಮಸೀದಿಗಳಲ್ಲಿ ಹೆಂಗಸರಿಗೆ ಬೇರೆ ಜಾಗವೇ ಇಲ್ಲ. ಊರಿನ ಹೆಂಗಸರು ಮನೆಯಲ್ಲಿ ಮಾಡಿಕೊಳ್ಳುತ್ತಾರೆ, ಸರಿ. ದಾರಿಯಲ್ಲಿರುವ ಹೆಂಗಸು ಎಲ್ಲಿಗೆ ಹೋಗಬೇಕು? ಒಂದು ಸಣ್ಣ ಕೋಣೆ, ಒಂದು ನಲ್ಲಿ, ಒಳಗಿನಿಂದ ಹಾಕಿಕೊಳ್ಳುವ ಚಿಲಕ, ಇಷ್ಟು ಸಾಕು. ಹೆದ್ದಾರಿ ಪಕ್ಕದ ಮಸೀದಿಗಳಲ್ಲಾದರೂ ಇದನ್ನು ಮಾಡಬೇಕು ಅಂತ ನಾನು ಸಿಕ್ಕಿದವರಿಗೆಲ್ಲ ಹೇಳುತ್ತಲೇ ಇದ್ದೇನೆ, ಮುಂದೆಯೂ ಹೇಳುತ್ತೇನೆ. ಅದು ಆಗುವವರೆಗೆ ನನ್ನ ದಾರಿ ಒಂದೇ. ಪ್ರತಿ ರಸ್ತೆಯಲ್ಲೂ ಗುರುತಿನವರ ಒಂದು ಮನೆ ನೋಡಿಟ್ಟುಕೊಳ್ಳುವುದು. ಸಾಗರದಲ್ಲಿ ಅಮ್ಮಿಯ ಗೆಳತಿಯೊಬ್ಬರ ಮನೆ ಇದೆ. ತೀರ್ಥಹಳ್ಳಿಯಲ್ಲಿ ನನ್ನ ಜೊತೆ ಓದಿದ ಭಟ್ಟರ ಮಗಳ ಮನೆ. ಅವಳ ಮನೆಯ ಜಗಲಿಯ ಪಕ್ಕದ ಕೋಣೆಯಲ್ಲಿ ನಮ್ಮ ಅಮ್ಮಿ ಎಷ್ಟೋ ಸಲ ನಮಾಜ್ ಮಾಡಿದ್ದಾರೆ. ಅವಳ ಅತ್ತೆ ಬಾಗಿಲು ಎಳೆದುಕೊಂಡು ಹೋಗಿ, ಮಕ್ಕಳಿಗೆ ‘ಗಲಾಟೆ ಮಾಡ್ಬೇಡಿ, ಒಳಗೆ ಪ್ರಾರ್ಥನೆ ಮಾಡ್ತಾ ಇದಾರೆ’ ಅಂತ ಗದರಿಸುತ್ತಾರೆ.

ಕಾರಿನ ಡಿಕ್ಕಿಯಲ್ಲಿ ಒಂದು ಮಡಚುವ ಕುರ್ಚಿ ಕಡ್ಡಾಯ. ಖಾಲಾ ಈಗ ಕುರ್ಚಿಯಲ್ಲಿ ಕೂತೇ ನಮಾಜ್ ಮಾಡುವುದು, ನೆಲಕ್ಕೆ ಹಣೆ ಮುಟ್ಟಿಸುವ ಸಜ್ದಾಕ್ಕೆ ಮಂಡಿ ಬಗ್ಗುವುದಿಲ್ಲ. ಅದೇ ಕುರ್ಚಿ ಪಾರ್ಕಿನಲ್ಲೂ ಆಗುತ್ತದೆ, ಆನೆ ಬಿಡಾರದಲ್ಲೂ ಆಗುತ್ತದೆ. ಜೊತೆಗೆ ಎರಡು ದೊಡ್ಡ ಕ್ಯಾನ್ ನೀರು, ಒಂದು ಮಗ್, ನಮಾಜಿಗೆ ಹಾಸುವ ಜಾನಮಾಜ್, ಕೂಸಿಗೆ ಹಾಲು ಕುಡಿಸುವಾಗ ಹೊದ್ದುಕೊಳ್ಳಲು ಒಂದು ಹಗುರ ಶಾಲು. ಇಷ್ಟಿದ್ದರೆ ಯಾರ ಹತ್ತಿರವೂ ಕೈಚಾಚಬೇಕಾಗಿಲ್ಲ.

ಮೊದಲ ದಿನ ಊರು ಬಿಟ್ಟು ಹೋಗುವುದು ಬೇಡ. ಕೋಟೆ ರಸ್ತೆಯ ಶಿವಪ್ಪ ನಾಯಕ ಅರಮನೆ ಮೊದಲು. ತುಂಗಾ ಹೊಳೆ ಹತ್ತಿರವೇ. ಎರಡು ಅಂತಸ್ತಿನ ಮರದ ಕಟ್ಟಡ, ಬೀಟೆ ಮರದ ಕಂಬಗಳು. ಹೆಸರು 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪ ನಾಯಕನದ್ದು, ಕಟ್ಟಡ ಮಾತ್ರ 18ನೇ ಶತಮಾನದಲ್ಲಿ ಹೈದರಾಲಿ ಕಾಲದಲ್ಲಿ ಎದ್ದದ್ದು ಅಂತ ಹೇಳುತ್ತಾರೆ. ನಮ್ಮ ಖಾಲು ಇಂಥ ಕಡೆ ಅರಳಿಬಿಡುತ್ತಾರೆ. ನಾಯಕನ ಹೆಸರು, ನವಾಬನ ಕಾಲದ ಮರಗೆಲಸ, ಅಂಗಳದಲ್ಲಿ ಸಾಲಾಗಿ ಹಳೇ ಕಾಲದ ವೀರಗಲ್ಲು, ಮಾಸ್ತಿಗಲ್ಲು, ದೇವರ ವಿಗ್ರಹ. ಶಿವಪ್ಪ ನಾಯಕ ಜಮೀನಿನ ಮಣ್ಣು, ಬೆಳೆ ನೋಡಿ ಕಂದಾಯ ನಿಗದಿ ಮಾಡಿದ ಪದ್ಧತಿಗೆ ‘ಶಿಸ್ತು’ ಅಂತ ಹೆಸರು. ಖಾಲು ಅದನ್ನು ಮೊಮ್ಮಕ್ಕಳಿಗೆ ಪಾಠ ಮಾಡುವಾಗ ಮಕ್ಕಳು ಹುಲ್ಲಿನ ಮೇಲೆ ಓಡುತ್ತಿರುತ್ತಾರೆ. ಪರವಾಗಿಲ್ಲ. ಅಂಗಳದಲ್ಲಿ ನೆರಳಿದೆ, ಖಾಲಾ ಕುರ್ಚಿ ಹಾಕಿಕೊಂಡು ಕೂರಬಹುದು.

ಮಧ್ಯಾಹ್ನ ಮನೆಯಲ್ಲೇ ಊಟ. ಸಂಜೆಗೆ ಗಾಂಧಿ ಪಾರ್ಕ್. ದೊಡ್ಡ ಮರಗಳು, ಮಕ್ಕಳಿಗೆ ಜೋಕಾಲಿ, ವಯಸ್ಸಾದವರಿಗೆ ಬೆಂಚು, ಹೊರಗೆ ಬಂದರೆ ಮಂಡಕ್ಕಿ ಗಾಡಿ. ಹಳೇ ಜೈಲಿನ ಜಾಗದ ಫ್ರೀಡಂ ಪಾರ್ಕ್ ಕೂಡ ಇದೆ, ಈಗ ಅದಕ್ಕೆ ಅಲ್ಲಮಪ್ರಭುವಿನ ಹೆಸರು. ಅದು ವಿಶಾಲವಾದ ಮೈದಾನ, ಆದರೆ ಸಭೆ ಸಮಾರಂಭ ಇರುವ ದಿನ ಹೋಗಬಾರದು. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ತುಂಗೆಯ ದಂಡೆ ಮೇಲೆ ನಡಿಗೆ ದಾರಿಯನ್ನೂ ಮಾಡಿದ್ದಾರೆ. ಬಿಸಿಲು ಇಳಿದ ಮೇಲೆ ಹೋದರೆ ತಂಪು ಗಾಳಿ. ಬಿ.ಎಚ್. ರಸ್ತೆಯ ಸೇಕ್ರೆಡ್ ಹಾರ್ಟ್ ಚರ್ಚ್ ಕೂಡ ನೋಡುವಂಥದ್ದು, ಅಷ್ಟು ಎತ್ತರದ ಒಳಾಂಗಣ ಈ ಕಡೆ ಬೇರೆಲ್ಲೂ ಇಲ್ಲ. ಪೂಜೆ ಇಲ್ಲದ ಹೊತ್ತು ನೋಡಿಕೊಂಡು, ಕೇಳಿಕೊಂಡು ಒಳಗೆ ಹೋದರೆ ಯಾರೂ ಬೇಡ ಅನ್ನುವುದಿಲ್ಲ.

ಪಾರ್ಕಿನಲ್ಲಿ ಜಾನಮಾಜ್ ಹಾಸಬಹುದಾ ಅಂತ ಅಣ್ಣ ಕೇಳಿದ. ನಾನು ಬೇಡ ಅಂದೆ. ಹಕ್ಕು ಇದೆಯಾ ಇಲ್ವಾ ಅನ್ನುವ ಚರ್ಚೆಗೆ ನಾನು ಹೋಗುವುದಿಲ್ಲ. ಊರ ಒಳಗಿನ ಪಾರ್ಕಿನಿಂದ ಮಸೀದಿಗೆ ಆಟೋದಲ್ಲಿ ಹೋದರೆ ಎಷ್ಟು ಹೊತ್ತು? ಮನೆಯೂ ಹತ್ತಿರ. ನಾಲ್ಕು ಜನ ಸಾಲಾಗಿ ನಿಂತರೆ ಯಾರೋ ಮೊಬೈಲ್ ಎತ್ತುತ್ತಾರೆ, ಇನ್ಯಾರೋ ಮಾತು ಬೆಳೆಸುತ್ತಾರೆ, ಮಕ್ಕಳ ಸಂಜೆ ಹಾಳು. ನಮಾಜಿಗೆ ಬೇಕಾದ್ದು ನೆಮ್ಮದಿ. ಅದು ಸಿಗುವ ಕಡೆಗೇ ಹೋಗೋಣ. ಕಾಡಿನ ದಾರಿಯಲ್ಲಿ ಹೊತ್ತು ಮೀರುವ ಹಾಗಿದ್ದರೆ ಮಾತು ಬೇರೆ. ಒಂದು ಮರದ ಕೆಳಗೆ, ಕಾರಿನ ಮರೆಯಲ್ಲಿ, ಒಬ್ಬೊಬ್ಬರಾಗಿ ಮುಗಿಸಿಕೊಳ್ಳುವುದು. ಮಲೆನಾಡಿನ ರಸ್ತೆ ಬದಿಯಲ್ಲಿ ಹಾಗೆ ನಿಂತವರನ್ನು ನೋಡಿ ‘ನೀರು ಬೇಕಾ’ ಅಂತ ಕೇಳಿದ ತೋಟದವರೇ ನನಗೆ ಜಾಸ್ತಿ ಸಿಕ್ಕಿದ್ದಾರೆ.

ಎರಡನೇ ದಿನ ಆನೆ. ತೀರ್ಥಹಳ್ಳಿ ರಸ್ತೆಯಲ್ಲಿ 14 ಕಿ.ಮೀ. ಹೋದರೆ ಸಕ್ರೆಬೈಲು. ಗಾಜನೂರು ಅಣೆಕಟ್ಟಿನ ಹಿನ್ನೀರು ಅಲ್ಲೇ. ಬೆಳಿಗ್ಗೆ ಎಂಟೂವರೆಯಿಂದ ಹನ್ನೊಂದರವರೆಗೆ ಮಾತ್ರ ಪ್ರವೇಶ. ಮಾವುತರು ಆನೆಗಳನ್ನು ಹೊಳೆಗೆ ಇಳಿಸಿ ಉಜ್ಜಿ ತೊಳೆಯುವುದನ್ನು ಮಕ್ಕಳು ಹತ್ತಿರದಿಂದ ನೋಡಬಹುದು. ಹನ್ನೊಂದಾದ ಮೇಲೆ ಆನೆಗಳು ಕಾಡಿಗೆ ಹೊರಡುತ್ತವೆ. ತಿಂಡಿ ತಿಂದು ನಿಧಾನಕ್ಕೆ ಹೋಗೋಣ ಅನ್ನುವವರಿಗೆ ಖಾಲಿ ದಂಡೆ ಸಿಗುತ್ತದೆ. ನಮ್ಮ ಪ್ಲಾನಿಗೆ ಈ ಸಮಯ ಹೇಳಿ ಮಾಡಿಸಿದ ಹಾಗಿದೆ, ಜುಹರ್ ಹೊತ್ತಿಗೆ ಆರಾಮಾಗಿ ಮನೆಯಲ್ಲಿರಬಹುದು. ಅದೇ ರಸ್ತೆಯಲ್ಲಿ ಮುಂದೆ, ಶಿವಮೊಗ್ಗದಿಂದ 30 ಕಿ.ಮೀ. ದೂರದಲ್ಲಿ, ಮಂಡಗದ್ದೆ ಪಕ್ಷಿಧಾಮ. ಹೊಳೆ ನಡುವಿನ ದ್ವೀಪದ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ, ಆದರೆ ಅದು ಮಳೆಗಾಲದ ನೋಟ. ಡಿಸೆಂಬರಿಗೆ ಬಿಟ್ಟುಬಿಡಿ. ಸಾಗರ ರಸ್ತೆಯ ತ್ಯಾವರೆಕೊಪ್ಪದ ಹುಲಿ ಸಿಂಹ ಧಾಮ ಊರಿಂದ 10 ಕಿ.ಮೀ., ಮಂಗಳವಾರ ರಜೆ. ಸಫಾರಿ ವಾಹನದಲ್ಲೇ ಕೂತು ನೋಡುವುದರಿಂದ ಖಾಲಾಗೆ ನಡೆಯುವ ಕಷ್ಟ ಕಡಿಮೆ. ಮಕ್ಕಳು ಹುಲಿ ಹುಲಿ ಅಂತ ಕೂಗದ ಹಾಗೆ ನೋಡಿಕೊಂಡರೆ ಸಾಕು.

ಊಟದ ಮಾತು ಸ್ವಲ್ಪ ಜಾಸ್ತಿಯೇ ಹೇಳಬೇಕು. ಬೆಂಗಳೂರಿನವರು ಮಲೆನಾಡು ಅಂದ ಕೂಡಲೇ ಹೋಂಸ್ಟೇ ಬುಕ್ ಮಾಡುತ್ತಾರೆ. ಮಲೆನಾಡಿನ ಬಹಳಷ್ಟು ಮನೆಗಳಲ್ಲಿ ಹಂದಿ ಮಾಂಸ ಸಹಜ ಅಡುಗೆ. ಹಂದಿ ಸಾರು, ಕಡುಬು ಅಂದರೆ ಹಬ್ಬ. ಅದು ಅವರ ಊಟ, ಅವರ ಮನೆ. ನಾವು ಮೂಗು ಮುರಿಯಬೇಕಾಗಿಲ್ಲ, ಮೊದಲೇ ಫೋನ್ ಮಾಡಿ ಕೇಳಿದರೆ ಆಯಿತು. ನಾನು ಮೂರು ಪ್ರಶ್ನೆ ಕೇಳುತ್ತೇನೆ. ನಾವಿರುವ ದಿನ ಹಂದಿ ಅಡುಗೆ ಇರುತ್ತದಾ? ನಮಗೆ ಬೇರೆ ಪಾತ್ರೆಯಲ್ಲಿ ಮಾಡಿಕೊಡುತ್ತೀರಾ? ಕೋಳಿ ನಾವೇ ತಂದರೆ ಆಗುತ್ತದಾ? ತೀರ್ಥಹಳ್ಳಿ ಕಡೆಯ ಒಬ್ಬ ಅಕ್ಕ ಕೊಟ್ಟ ಉತ್ತರ ನನಗೆ ಬಾಯಿಪಾಠ ಆಗಿದೆ: ‘ಅದಕ್ಕೆಂತ ಮಾರಾಯ್ತಿ, ನೀವು ಬರೋ ದಿನ ಹಂದಿ ಮಾಡೂದಿಲ್ಲ ಬಿಡಿ. ಕೋಳಿ ನಿಮ್ಮವರೇ ಕೊಯ್ದು ತಂದ್ರೆ ಮಸಾಲೆ ನಾನು ಹಾಕ್ತೀನಿ. ಪಾತ್ರೆ ಹೊಸದೇ ಇದೆ, ಮಗಳ ಮದುವೇಲಿ ಬಂದಿದ್ದು.’ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ಸುಮ್ನೆ ಇರುವವರಿಗೆ ನಾನು ಹೇಳುವುದು ಇಷ್ಟೇ, ಕೇಳಿ. ಊಟಕ್ಕೆ ಕೂತ ಮೇಲೆ ತಟ್ಟೆ ಸರಿಸಿದರೆ ಅವರಿಗೆ ನೋವಾಗುತ್ತದೆ. ಫೋನಿನಲ್ಲಿ ಕೇಳಿದರೆ ಆಗುವುದಿಲ್ಲ.

ಹೊರಗೆ ತಿನ್ನುವಾಗ ನನ್ನ ಅಭ್ಯಾಸ ಇನ್ನೂ ಸರಳ. ಹೆದ್ದಾರಿಯಲ್ಲಿ ಮಾಂಸದ ಊಟ ಹುಡುಕುವುದೇ ಇಲ್ಲ. ಬೆಳಿಗ್ಗೆ ಯಾವುದಾದರೂ ಸಸ್ಯಾಹಾರಿ ಹೋಟೆಲಿನಲ್ಲಿ ಇಡ್ಲಿ, ನೀರ್ ದೋಸೆ, ಬನ್ಸ್. ಮಧ್ಯಾಹ್ನ ಸಾಗರ ಕಡೆ ಆದರೆ ಬಾಳೆ ಎಲೆ ಊಟ. ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ, ಕೆಂಪಕ್ಕಿ ಅನ್ನ. ಅದರಲ್ಲಿ ಕೇಳುವುದೇನೂ ಇಲ್ಲ, ಅನುಮಾನವೂ ಇಲ್ಲ, ಮಕ್ಕಳ ಹೊಟ್ಟೆಯೂ ಕೆಡುವುದಿಲ್ಲ. ನಮ್ಮವರಲ್ಲಿ ಕೆಲವರು ಪ್ರವಾಸಕ್ಕೆ ಬಂದು ಎರಡು ಹೊತ್ತು ಮಾಂಸ ಸಿಗದಿದ್ದರೆ ಊಟವೇ ಆಗಲಿಲ್ಲ ಅಂತಾರೆ. ಮಲೆನಾಡಿಗೆ ಬಂದು ಕೆಸುವಿನ ಪತ್ರೊಡೆ, ಮಳೆಗಾಲದಲ್ಲಾದರೆ ಕಳಲೆ ಪಲ್ಯ, ಸಾಗರದ ತೊಡೆದೇವು ತಿನ್ನದೆ ಬರೀ ಕಬಾಬ್ ಹುಡುಕಿಕೊಂಡು ಹೋಗುವುದು ದೊಡ್ಡ ನಷ್ಟ. ಮೀನಿಗೆ ಹಲಾಲ್ ಆಗಿ ಕೊಯ್ಯುವ ಪ್ರಶ್ನೆ ಇಲ್ಲ, ಕರಾವಳಿಯಿಂದ ಘಾಟಿ ಹತ್ತಿ ಬರುವ ಮೀನು ಶಿವಮೊಗ್ಗದಲ್ಲಿ ಧಾರಾಳ. ಕಾವಲಿಗೆ ಹಾಕುವ ಎಣ್ಣೆ ಬೇರೆಯಾ ಅಂತ ಮಾತ್ರ ಕೇಳಿಕೊಳ್ಳಿ. ಏಡಿ ಸಾರು ಮಲೆನಾಡಿನವರಿಗೆ ಬಲು ಪ್ರೀತಿ. ಶಾಫಿಗಳಲ್ಲಿ ಸಮುದ್ರದ ಏಡಿ ತಿನ್ನುವವರಿದ್ದಾರೆ, ಹನಫಿಗಳು ಏಡಿಯನ್ನೇ ತಿನ್ನುವುದಿಲ್ಲ. ನಮ್ಮ ಮನೆಯಲ್ಲಿ ಅದು ಬರುವುದಿಲ್ಲ.

ರಾತ್ರಿ ಊಟ ಮಾತ್ರ ಊರಲ್ಲೇ, ನಮ್ಮವರ ಹೋಟೆಲಿನಲ್ಲಿ. ಬೆಳಿಗ್ಗೆಯಿಂದ ಸೊಪ್ಪು ತಿಂದವರಿಗೆ ಆಗ ಬಿರಿಯಾನಿ, ದಾಲ್ಚಾ. ಫ್ಯಾಮಿಲಿ ರೂಮ್ ಇದೆಯಾ, ಮೆಟ್ಟಿಲು ಹತ್ತಬೇಕಾ, ಕೈ ತೊಳೆಯುವ ಜಾಗ ಹೇಗಿದೆ, ಇದನ್ನೆಲ್ಲ ನಾನು ಒಂದು ದಿನ ಮುಂಚೆ ಹೋಗಿ ನೋಡಿ ಬರುತ್ತೇನೆ. ಫ್ಯಾಮಿಲಿ ರೂಮ್ ಮೇಲಿನ ಮಹಡಿಯಲ್ಲಿದ್ದರೆ ಖಾಲಾಗೆ ಹತ್ತಲು ಆಗುವುದಿಲ್ಲ. ಆ ಹೋಟೆಲಿನ ಬಿರಿಯಾನಿ ಎಷ್ಟೇ ಚೆನ್ನಾಗಿರಲಿ, ಪಾರ್ಸಲ್ ತಂದು ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತೇವೆ.

ಮೂರನೇ ದಿನಕ್ಕೆ ಖಾಲು ನನ್ನ ಹತ್ತಿರ ಒಂದು ತಿಂಗಳಿಂದ ವಾದ ಮಾಡುತ್ತಿದ್ದಾರೆ. ಅವರಿಗೆ ಕವಲೇದುರ್ಗ ಬೇಕು. ತೀರ್ಥಹಳ್ಳಿಯಿಂದ ಹತ್ತಿರ, ಒಂದರೊಳಗೊಂದು ಕೋಟೆ ಗೋಡೆ, ಮೇಲೆ ಅರಮನೆಯ ಅಡಿಪಾಯ, ಇಳಿಸಂಜೆಗೆ ಬೆಟ್ಟಸಾಲು. ನನಗೂ ಆ ಜಾಗ ಅಂದರೆ ಜೀವ. ಆದರೆ ಅದು ಕಲ್ಲು ಹಾಸಿನ ಏರುದಾರಿ. ಖಾಲಾ, ಕೈಗೂಸು ಇಬ್ಬರೂ ಕೆಳಗೇ ಉಳಿಯಬೇಕು. ಅದಕ್ಕೆ ನಾನು ನಗರ ಅಂದೆ. ಹೊಸನಗರ ತಾಲೂಕಿನ ನಗರ, ಹಳೆಯ ಬಿದನೂರು. ಶಿವಮೊಗ್ಗದಿಂದ 84 ಕಿ.ಮೀ. ಕೋಟೆ ರಸ್ತೆ ಪಕ್ಕದಲ್ಲೇ ಇದೆ. ಪೂರ್ತಿ ಮೇಲೆ ಹತ್ತದಿದ್ದರೂ ಬಾಗಿಲು, ಗೋಡೆ, ಕಂದಕ, ಪಕ್ಕದ ಕೆರೆ ಎಲ್ಲ ಕಾಣುತ್ತದೆ.

ನಗರ ಅಂದ ಮೇಲೆ ಖಾಲು ವಾದ ನಿಲ್ಲಿಸಿದರು. ಅಲ್ಲಿಯ ಕತೆ ಅಷ್ಟು ದೊಡ್ಡದು. ಕೆಳದಿ ಅರಸರು 1499ರಿಂದ 1763ರವರೆಗೆ ಆಳಿದರು. ಮೊದಲು ಕೆಳದಿ, ಆಮೇಲೆ ಇಕ್ಕೇರಿ, 17ನೇ ಶತಮಾನದಲ್ಲಿ ಬಿದನೂರು ರಾಜಧಾನಿ. ಔರಂಗಜೇಬನ ಸೈನ್ಯ ಬೆನ್ನು ಹತ್ತಿದಾಗ ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯ ಕೊಟ್ಟ ರಾಣಿ ಚೆನ್ನಮ್ಮ ಈ ಮನೆತನದವಳು. 1763ರಲ್ಲಿ ರಾಣಿ ವೀರಮ್ಮಾಜಿಯಿಂದ ಹೈದರಾಲಿ ಬಿದನೂರನ್ನು ಗೆದ್ದು ತನ್ನ ಹೆಸರಿಟ್ಟ, ಹೈದರ್‌ನಗರ ಅಂತ. ಆ ಹೆಸರಿನಲ್ಲಿ ಈಗ ನಗರ ಮಾತ್ರ ಉಳಿದಿದೆ. 1783ರಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಅದನ್ನು ಹಿಡಿದ, ಅದೇ ವರ್ಷ ಟಿಪ್ಪು ವಾಪಸ್ ತೆಗೆದುಕೊಂಡ. ಒಂದೇ ಗೋಡೆ ಇಷ್ಟೆಲ್ಲ ಜನರನ್ನು ನೋಡಿದೆ. ಚೆನ್ನಮ್ಮನ ಧೈರ್ಯದ ಕತೆ ಹೇಳುವಾಗ ಖಾಲುವಿನ ಕಣ್ಣು ತುಂಬುತ್ತದೆ, ಟಿಪ್ಪುವಿನ ಮುತ್ತಿಗೆಯ ಕತೆ ಹೇಳುವಾಗಲೂ ಹಾಗೆಯೇ. ಇದರಲ್ಲಿ ಒಂದು ನಿಮ್ಮದು, ಒಂದು ನಮ್ಮದು ಅಂತ ಅವರಿಗೆ ಯಾವತ್ತೂ ಅನ್ನಿಸಿಲ್ಲ. ಮೊಮ್ಮಕ್ಕಳು ಇಂಥ ಬಾಯಿಂದ ಇತಿಹಾಸ ಕೇಳಬೇಕು, ಅದೂ ಆ ಗೋಡೆಯ ಎದುರಿಗೇ ನಿಂತು. ಈ ದಿನಕ್ಕಾಗಿ ನಾನು ಇಷ್ಟೆಲ್ಲ ಫೋನ್ ಮಾಡುತ್ತಿರುವುದು.

ಹತ್ತಿರದಲ್ಲಿ ದೇವಗಂಗೆ ಇದೆ. ಕೆಳದಿ ಅರಸರ ಕಾಲದ ಕಲ್ಲಿನ ಕೊಳಗಳು, ಗುಡ್ಡದಿಂದ ಇಳಿಯುವ ನೀರು ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ. ಹಸಿರು, ನೆರಳು, ತಣ್ಣನೆ ನೀರು. ಅಲ್ಲಿ ಪೂಜೆ ನಡೆಯುವ ಗುಡಿಯೂ ಇದೆ, ಆದ್ದರಿಂದ ಕೊಳಕ್ಕೆ ಇಳಿದು ವಜೂ ಮಾಡುವುದು ಬೇಡ. ನಮ್ಮ ಕ್ಯಾನಿನ ನೀರು ಕಾರಿನ ಹತ್ತಿರ ಇದೆ.

ಇಕ್ಕೇರಿಯ ಅಘೋರೇಶ್ವರ ದೇವಸ್ಥಾನವನ್ನೂ ತುಂಬ ಜನ ಕೇಳುತ್ತಾರೆ. ನಾವು ಹೋಗಬಹುದಾ ಅಂತ. ಸಾಗರದಿಂದ 6 ಕಿ.ಮೀ. ದಾರಿ, ಪುರಾತತ್ವ ಇಲಾಖೆ ನೋಡಿಕೊಳ್ಳುವ ಜಾಗ. ದೊಡ್ಡ ಹುಲ್ಲುಹಾಸು, ಎದುರಿಗೆ ದೊಡ್ಡ ನಂದಿಯ ಮಂಟಪ, ಗೋಡೆ ತುಂಬ ಕೆತ್ತನೆ. ಚಪ್ಪಲಿ ಬಿಟ್ಟು, ದನಿ ತಗ್ಗಿಸಿ, ಪೂಜೆ ಹೊತ್ತಲ್ಲಿ ಅಡ್ಡ ಬರದೆ ಹೊರಗೋಡೆ ನೋಡಿದರೆ ಯಾರಿಗೂ ತೊಂದರೆ ಇಲ್ಲ. ಮನೆಯಲ್ಲಿ ಯಾರಿಗಾದರೂ ಒಳಗೆ ಹೋಗಲು ಮನಸ್ಸು ಒಪ್ಪದಿದ್ದರೆ ಬಲವಂತ ಮಾಡಬೇಡಿ. ಹುಲ್ಲಿನ ಮೇಲೆ ಕೂತರೂ ಆ ಕಟ್ಟಡದ ಚೆಂದ ಕಾಣುತ್ತದೆ.

ಖಾಲಾ ತಾವಾಗಿ ಬಾಯಿಬಿಟ್ಟು ಕೇಳಿದ್ದು ಒಂದೇ ಜಾಗ, ಹಣಗೆರೆಕಟ್ಟೆ. ಆಯನೂರು ಕಡೆಯಿಂದ ಕಾಡಿನ ದಾರಿ. ಒಂದೇ ಸೂರಿನಡಿ ಹಜರತ್ ಸೈಯದ್ ಸಾದತ್ ದರ್ಗಾ ಮತ್ತು ಭೂತರಾಯ ಚೌಡೇಶ್ವರಿ ದೇವಸ್ಥಾನ. ಹಿಂದೂಗಳು, ಮುಸ್ಲಿಮರು ಇಬ್ಬರೂ ಹರಕೆ ಹೊತ್ತು ಬರುತ್ತಾರೆ. ಕುರಿ ಕೋಳಿ ತಂದು ಅಲ್ಲೇ ಅಡುಗೆ ಮಾಡಿ ಉಂಡು ಹೋಗುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಗೆ ಕಾಲಿಡಲು ಜಾಗ ಇರುವುದಿಲ್ಲ, ಆ ದಿನ ತಪ್ಪಿಸಿ ಹೋಗಬೇಕು. ಅಣ್ಣ ದರ್ಗಾಗಳಿಗೆ ಹೋಗುವುದಿಲ್ಲ, ಅದು ಸರಿಯಲ್ಲ ಅನ್ನುವುದು ಅವನ ನಂಬಿಕೆ. ಖಾಲಾಗೆ ಅಲ್ಲಿ ಫಾತಿಹಾ ಪ್ರಾರ್ಥನೆ ಓದದೆ ಸಮಾಧಾನ ಇಲ್ಲ. ಹಲಾಲ್ ಅನ್ನುವ ಮಾತು ಒಂದೇ ಮನೆಯಲ್ಲೂ ಎಲ್ಲರಿಗೂ ಒಂದೇ ಥರ ಇರುವುದಿಲ್ಲ. ಪ್ಲಾನಿನಲ್ಲಿ ಇಬ್ಬರಿಗೂ ಜಾಗ ಇರಬೇಕು. ಅಣ್ಣ ಮಕ್ಕಳನ್ನು ಕರೆದುಕೊಂಡು ಮರಗಳ ಕೆಳಗೆ ಕೂರುತ್ತಾನೆ, ಖಾಲಾ ಜೊತೆ ನಾನು ಒಳಗೆ ಹೋಗುತ್ತೇನೆ. ಇದನ್ನು ಹೊರಡುವ ಮುಂಚೆಯೇ ಮಾತಾಡಿ ಮುಗಿಸಿದ್ದೇವೆ, ಬಾಗಿಲಲ್ಲಿ ನಿಂತು ತಾಯಿ ಮಗ ವಾದ ಮಾಡುವ ಹಾಗಾಗಬಾರದು.

ವಾಪಸ್ ಹೋಗುವ ದಿನ ಅವರು ಕಾರಿನಲ್ಲೇ ಹೋಗುವುದು. ಅದಕ್ಕೆ ದಾವಣಗೆರೆ ಕಡೆಯಿಂದ ಹೋಗಿ ಅಂತ ಹೇಳಿದ್ದೇನೆ. ಸ್ವಲ್ಪ ಸುತ್ತು, ಆದರೆ ಚನ್ನಗಿರಿ ದಾಟಿದರೆ ಸಂತೆಬೆನ್ನೂರು ಸಿಗುತ್ತದೆ. 1997ರವರೆಗೆ ಅದು ನಮ್ಮ ಜಿಲ್ಲೆಯಲ್ಲೇ ಇತ್ತು. ಅಷ್ಟು ಚೆಂದದ ಪುಷ್ಕರಣಿ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕೊಳ, ನಡುವೆ ವಸಂತ ಮಂಟಪ, ಅಂಚಿನಲ್ಲಿ ಸಣ್ಣ ಮಂಟಪಗಳು, ಎದುರಿಗೆ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಕಾಲದ, ಪ್ರಯಾಣಿಕರು ತಂಗುವ ಮುಸಾಫಿರ್‌ಖಾನೆ. ಕೊಳ ಪಾಳೆಯಗಾರ ಹನುಮಪ್ಪ ನಾಯಕನದ್ದು. ಎರಡೂ ಈಗ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಆ ಕಾಲದಲ್ಲಿ ನಡೆದ ಯುದ್ಧ, ದೇವಸ್ಥಾನ ಬಿದ್ದ ಕತೆ ಎಲ್ಲ ಇದೆ, ಖಾಲು ಅದನ್ನೂ ಮುಚ್ಚಿಡದೆ ಮಕ್ಕಳಿಗೆ ಹೇಳುತ್ತಾರೆ. ಹೇಳಬೇಕು ಕೂಡ. ಜುಹರ್ ಮಾತ್ರ ಚನ್ನಗಿರಿಯಲ್ಲೋ ದಾವಣಗೆರೆಯಲ್ಲೋ ಮುಗಿಸಿಕೊಳ್ಳಿ ಅಂತ ಹೇಳಿದ್ದೇನೆ.

ಶಿವಮೊಗ್ಗದ ಹೆಸರು ಗಲಾಟೆಯ ಸುದ್ದಿಯಲ್ಲಿ ಬಂದಾಗೆಲ್ಲ ಬೆಂಗಳೂರಿನಿಂದ ಫೋನ್ ಬರುತ್ತದೆ. ‘ಈಗ ಬರಬಹುದಾ? ಬುರ್ಖಾ ಹಾಕ್ಕೊಂಡು ಪಾರ್ಕಿಗೆ ಹೋದ್ರೆ ಏನೂ ಆಗಲ್ವಾ?’ ಸೊಸೆಯೂ ಈ ಸಲ ಅದನ್ನೇ ಕೇಳಿದಳು. ಏನೂ ಆಗಿಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಅಂಗಡಿಗಳ ಬಾಗಿಲು ಮುಚ್ಚಿ ಕೂತ ದಿನಗಳನ್ನು ನಾವು ನೋಡಿದ್ದೇವೆ. ಮೆರವಣಿಗೆ ಇರುವ ದಿನ, ಚುನಾವಣೆಯ ಬಿಸಿ ಇರುವ ವಾರ ಹೊರಗಿನವರು ಬರುವುದು ಬೇಡ ಅಂತ ನಾನೇ ಹೇಳುತ್ತೇನೆ. ಆದರೆ ಉಳಿದ ದಿನಗಳೇ ಜಾಸ್ತಿ ಅಲ್ವಾ? ಗಾಂಧಿ ಪಾರ್ಕಿನ ಬೆಂಚಿನಲ್ಲಿ ನಮ್ಮ ಅಮ್ಮಿಯ ಪಕ್ಕ ಕೂತು ಮೊಮ್ಮಗುವಿನ ಕೆಮ್ಮಿಗೆ ದೊಡ್ಡಪತ್ರೆ ರಸ ಹೇಳಿಕೊಡುವ ಅಜ್ಜಿಯರು ಯಾವ ಸುದ್ದಿಯಲ್ಲೂ ಬರುವುದಿಲ್ಲ. ನಾನು ಸೊಸೆಗೆ ಬಾ ಅಂದಿದ್ದೇನೆ, ಪಾರ್ಕಿಗೆ ನಾನೂ ಜೊತೆಗೆ ಬರುತ್ತೇನೆ.

ಮಕ್ಕಳಿಗೆ ಜೋಗ ಬೇಕಂತೆ. ಶಿವಮೊಗ್ಗದಿಂದ ಸುಮಾರು 100 ಕಿ.ಮೀ., ಅಲ್ಲಿಗೆ ಹೊರಟರೆ ನಾನೂ ಮುಸಾಫಿರ್. 253 ಮೀಟರ್ ಎತ್ತರದಿಂದ ಶರಾವತಿ ಬೀಳುವುದನ್ನು ನೋಡಬೇಕಾದರೆ ಮಳೆಗಾಲದಲ್ಲೇ ಬರಬೇಕು, ಡಿಸೆಂಬರಿಗೆ ರಾಜ, ರಾಣಿ ಎಲ್ಲ ಸೊರಗಿರುತ್ತವೆ. ಹಾಗಾಗಿ ಅದನ್ನು ಆಗಸ್ಟಿಗೆ ಇಟ್ಟಿದ್ದೇನೆ. ಆಗ ಇಂಬಳದ ಕಾಟ ಇರುತ್ತದೆ, ಅದು ರಕ್ತ ಹೀರಿದರೆ ಹನಫಿಗಳ ವಜೂ ಹೋಯಿತು, ನೀರಿನ ಕ್ಯಾನು ಎರಡು ಸಾಲದು. ಕಾಲಿಗೆ ಹಚ್ಚಲು ಸುಣ್ಣ, ಹೊಗೆಸೊಪ್ಪು ತಗೊಳ್ಳಬೇಕು. ವೀಕ್ಷಣಾ ಜಾಗದವರೆಗೆ ಕಾರು ಹೋಗುತ್ತದೆ, ಖಾಲಾ ಮೆಟ್ಟಿಲು ಇಳಿಯಬೇಕಾಗಿಲ್ಲ ಅಂತ ಹೇಳಿದೆ. ‘ಹಾಗಾದ್ರೆ ನಾನೂ ನೋಡ್ತೀನಿ’ ಅಂದರು. ಸಾಗರದ ಅಮ್ಮಿಯ ಗೆಳತಿಗೆ ಈಗಲೇ ಫೋನ್ ಮಾಡಿ ಆಗಸ್ಟಿನಲ್ಲಿ ಮನೆಯಲ್ಲಿರುತ್ತಾರಾ ಅಂತ ಕೇಳಿಟ್ಟಿದ್ದೇನೆ.